ಒದ್ದು ಕಣ್ಣಿಗೊತ್ತಿಕೊಳ್ಳುವ ಮಂಗಳಾಗೌರಿ

ಮಂಗಳಾಗೌರಿ ಕರಾಟೆ ಕಲಿಯಬೇಕೆಂದು ಕನಸಿನಲ್ಲಿಯೂ ಅಂದುಕೊಂಡವಳಲ್ಲ. ಐದು ವರ್ಷದ ಹಿಂದಿನ ಆ ಸಂಜೆ ಅವಳು ಮನೆಯಿಂದ ಹೊರಟದ್ದು ಗೋಬಿ ಮಂಚೂರಿ ತಿನ್ನಲಿಕ್ಕೆ, ಅಷ್ಟೇ. ಗಂಡ ಬಾಲಚಂದ್ರ ನೌಕಾಪಡೆಯಲ್ಲಿ ಚೀಫ್ ಪೆಟ್ಟಿ ಆಫೀಸರ್. ಕೊಚ್ಚಿಯಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಇನ್ನೂ ಹದಿನೈದು ದಿನ ಆಗಿರಲಿಲ್ಲ. ಕ್ವಾರ್ಟರ್ಸ್ ಸಿಗುವ ತನಕ ಎಂದು ಪೆಂಡುರ್ತಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಗ್ಯಾಸ್ ಬಂದಿರಲಿಲ್ಲ, ಗಂಡ ಹಡಗಿನಲ್ಲಿದ್ದ, ಹನ್ನೆರಡು ವರ್ಷದ ಮಗಳು ನಿಶ್ಚಿತಾ ಹೊಸ ಗೆಳತಿಯ ಮನೆಯಲ್ಲಿ ಊಟಕ್ಕೆ ಉಳಿದಿದ್ದಳು. ಬೀದಿಯ ಕೊನೆಯಲ್ಲಿ 'ಗೋಲ್ಡನ್ ಪಾಂಡಾ' ಎಂಬ ಚೈನೀಸ್ ಹೋಟೆಲು ಇತ್ತು.

ಹೋಟೆಲಿನ ಬೋರ್ಡಿನಲ್ಲಿ 'ಫ್ಯಾಮಿಲಿ ರೂಮು ಮೇಲೆ' ಎಂದು ಬರೆದು ಒಂದು ಬಾಣ ಹಾಕಿದ್ದರು. ಪಕ್ಕದಲ್ಲಿ ಎರಡು ಮೆಟ್ಟಿಲುಸಾಲು. ಬಾಣವೋ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎರಡಕ್ಕೂ ನಡುವೆ ಆಕಾಶ ತೋರಿಸುತ್ತಿತ್ತು. ಮಂಗಳಾಗೌರಿ ಎಡಗಡೆಯದನ್ನು ಹತ್ತಿದಳು. ಮೇಲೆ ಹೋಗಿ ನೋಡಿದರೆ ಮೇಜಿಲ್ಲ, ಕುರ್ಚಿಯಿಲ್ಲ. ತಾರಸಿಯ ಮೇಲೆ ಬಿಳಿ ಬಟ್ಟೆಯ ಇಪ್ಪತ್ತು ಮಕ್ಕಳು ಗಾಳಿಗೆ ಗುದ್ದುತ್ತ 'ಹಾ' ಎಂದು ಕಿರುಚುತ್ತಿದ್ದವು. ಅವುಗಳ ಮುಂದಿದ್ದ ಇಪ್ಪತ್ತೆರಡು ವರ್ಷದ ತೆಳ್ಳನೆಯ ಹುಡುಗಿ ಇವಳನ್ನು ಕಂಡದ್ದೇ ಓಡಿಬಂದಳು.

"ಲೇಡೀಸ್ ಬ್ಯಾಚಿಗಾ ಅಂಡಿ? ಬೋರ್ಡು ಹಾಕಿ ಒಂದು ತಿಂಗಳಾಯ್ತು, ಒಬ್ಬರೂ ಬಂದಿರಲಿಲ್ಲ. ಮೊದಲನೇ ಅಡ್ಮಿಷನ್ ನೀವೇ!"

ಆ ಹುಡುಗಿಯ ಹೆಸರು ಉಷಶ್ರೀ, ಮಾತಿಗೆ 'ಅಂಡಿ' ಎಂದು ತೆಲುಗಿನ ಮರ್ಯಾದೆ ಸೇರಿಸುವವಳು, ಕರಾಟೆ ಮಾಸ್ಟರು ಅವಳೇ. ಅವಳ ಮುಖ ಆ ಗಳಿಗೆಯಲ್ಲಿ ಹೇಗೆ ಅರಳಿತ್ತೆಂದರೆ, ಅದಕ್ಕೆ 'ಇಲ್ಲಮ್ಮ, ನಾನು ಗೋಬಿಗೆ ಬಂದೆ' ಎಂದು ಹೇಳಲು ಕಲ್ಲು ಹೃದಯ ಬೇಕಿತ್ತು. ಮಂಗಳಾಗೌರಿಗೆ ಅದಿರಲಿಲ್ಲ. ಫಾರಮ್ಮಿಗೆ ಸಹಿ ಹಾಕಿದಳು, ಸೊಂಟದ ಅಳತೆ ಕೊಟ್ಟಳು. ಕೆಳಗಿಳಿದು ಬಲಗಡೆಯ ಮೆಟ್ಟಿಲು ಹತ್ತಿ, ದುಃಖಕ್ಕೆ ಎರಡು ಪ್ಲೇಟು ಗೋಬಿ ತಿಂದು ಮನೆಗೆ ಹೋದಳು.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ತಾವಿಲ್ಲ ಎನ್ನುತ್ತಾರೆ. ಈ ಗಾದೆಯನ್ನು ಮಾಡಿದವರು ತಿಪಟೂರಿನ ಕಡೆ ಬಂದು ಮಂಗಳಾಗೌರಿಯ ಮನೆತನವನ್ನು ನೋಡಿಯೇ ಮಾಡಿರಬೇಕು. ಒಮ್ಮೆ ರೈಲಿನಲ್ಲಿ ಪಕ್ಕದ ಅಜ್ಜಿ ಇವಳ ಭುಜಕ್ಕೆ ಒರಗಿ ನಿದ್ದೆ ಹೋದಳೆಂದು, ಎಬ್ಬಿಸಲಾರದೆ, ತಿಪಟೂರಿನಲ್ಲಿ ಇಳಿಯಬೇಕಾದವಳು ಅರಸೀಕೆರೆಯಲ್ಲಿ ಇಳಿದಿದ್ದಳು. ನಾದಿನಿ ಎರಡು ಸಲ ಉಪ್ಪು ಹಾಕಿದ ಹುಳಿಯನ್ನು ಮೂರು ಸಲ ಬಡಿಸಿಕೊಂಡು, 'ತುಂಬ ಚೆನ್ನಾಗಿದೆ' ಎಂದು ಎರಡು ತಂಬಿಗೆ ನೀರು ಕುಡಿದಿದ್ದಳು. ಬೇರೆಯವರು ಬಡಿಸಿದ್ದನ್ನು ಚೆನ್ನಾಗಿಲ್ಲ ಎಂದು ಅವಳು ಹುಟ್ಟಿದಾರಭ್ಯ ಒಂದು ಸಲವೂ ಅಂದವಳಲ್ಲ. ಇಂಥವಳು ಹೊಡೆದಾಟ ಕಲಿಯಲು ಸೇರಿದ್ದು.

ಸೇರಿದ ಮೇಲೆ ಬಿಡುವುದಾದರೂ ಹೇಗೆ? ಬಿಡುತ್ತೇನೆ ಎಂದು ಹೇಳಲಿಕ್ಕೂ ಒಂದು ಧೈರ್ಯ ಬೇಕು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತ ಆರು ತಿಂಗಳು ಕಳೆದವು. ಆರು ತಿಂಗಳಿಗೆ ಹಳದಿ ಬೆಲ್ಟು ಬಂತು. ಅಂದು ಸೊಂಟಕ್ಕೆ ಅದನ್ನು ಕಟ್ಟಿಕೊಂಡು ಗೋಲ್ಡನ್ ಪಾಂಡಾದಲ್ಲಿ ಕೂತು ಹಕ್ಕಾ ನೂಡಲ್ಸ್ ತಿನ್ನುವಾಗ ಮಂಗಳಾಗೌರಿಗೆ ಒಂದು ವಿಚಿತ್ರ ಸಂತೋಷವಾಯಿತು. ಮನೆಯಲ್ಲಿರುವ ಪದಕಗಳೆಲ್ಲ ಗಂಡನವು, ಕಪ್ಪುಗಳೆಲ್ಲ ಮಗಳವು. ಈ ಹಳದಿ ಪಟ್ಟಿಯೊಂದು ಮಾತ್ರ ತನ್ನದು. ಅಂದಿನಿಂದ ಅವಳು ಬಿಡುವ ಮಾತನ್ನೇ ಬಿಟ್ಟಳು. ಕ್ವಾರ್ಟರ್ಸ್ ಸಿಕ್ಕಿತು ಎಂದು ಬಾಲಚಂದ್ರ ಬಂದು ಹೇಳಿದಾಗ, "ಅಲ್ಲಿಂದ ಕ್ಲಾಸು ದೂರ ಆಗುತ್ತೆ ಕಣ್ರೀ," ಎಂದಳು. ಪಾಂಡಾ ದೂರ ಆಗುತ್ತದೆ ಎಂಬುದನ್ನು ಹೇಳಲಿಲ್ಲ, ಅವನಿಗೆ ಅದು ಗೊತ್ತೇ ಇತ್ತು.

ಬೆಲ್ಟಿಗೊಂದು ತಿಂಡಿ ಎಂದು ಅವಳೇ ಕಟ್ಟಳೆ ಮಾಡಿಕೊಂಡಳು. ಕಿತ್ತಳೆಗೆ ಶೆಜ್ವಾನ್ ಫ್ರೈಡ್ ರೈಸು, ಹಸಿರಿಗೆ ಚಿಲ್ಲಿ ಪನೀರು, ನೀಲಿಗೆ ಎಲ್ಲವೂ. ಉಷಶ್ರೀ ಒಮ್ಮೆ, "ಇಷ್ಟು ಎಣ್ಣೆ ತಿಂದರೆ ಕಾಲು ಎತ್ತೋದು ಹೇಗೆ ಅಂಡಿ?" ಎಂದು ಗದರಿದಳು.

"ಎಣ್ಣೆ ಬಿಟ್ಟರೆ ಬಾಗಿಲೇ ಸಲೀಸಾಗಿ ಆಡುತ್ತೆ ಮೇಡಂ, ಕಾಲು ಆಡಲ್ವಾ?" ಎಂದಳು ಮಂಗಳಾಗೌರಿ.

ಸುಳ್ಳಲ್ಲ, ಅವಳು ಚೆನ್ನಾಗಿಯೇ ಕಲಿತಳು. ತಿಪಟೂರಿನಲ್ಲಿ ಬಾಲ್ಯದಿಂದ ತೆಂಗಿನಕಾಯಿ ಒಡೆದ ಕೈ. ಅವಳ ಗುದ್ದಿಗೆ ಹಲಗೆ ಎರಡಾಗುತ್ತಿತ್ತು. ಹೆಜ್ಜೆಗಳ ವರಸೆಯನ್ನು ರಂಗೋಲಿಯ ಚುಕ್ಕಿಗಳಂತೆ ನೆನಪಿಟ್ಟುಕೊಂಡು ಒಂದೂ ತಪ್ಪದೆ ಮಾಡುತ್ತಿದ್ದಳು. ತೊಂದರೆ ಇದ್ದದ್ದು ಒಂದೇ ಒಂದು ಕಡೆ. ಅವಳು ಒದ್ದರೆ ಕಾಲು ಎದುರಾಳಿಗೆ ತಾಗುತ್ತಿತ್ತು.

ಅದೇನು ತೊಂದರೆ, ಒದೆಯುವುದೇ ತಾಗಲಿ ಎಂದಲ್ಲವೇ ಎಂದು ನೀವು ಕೇಳಬಹುದು. ಆದರೆ ಮಂಗಳಾಗೌರಿಯನ್ನು ಬೆಳೆಸಿದವಳು ಅಜ್ಜಿ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೋ, ಮೊರಕ್ಕೆ ತಾಗಿದರೆ ಒತ್ತಿಕೋ, ಮನುಷ್ಯರಿಗೆ ತಾಗಿದರಂತೂ ಮೊದಲು ಒತ್ತಿಕೋ, ಆಮೇಲೆ ಉಸಿರು ಬಿಡು. ಮೂರು ವರ್ಷಕ್ಕೆ ಕಲಿತದ್ದು ನೂರು ವರ್ಷದ ತನಕ. ಹಾಗಾಗಿ ಮಂಗಳಾಗೌರಿ ಒದ್ದಳೆಂದರೆ, ಕಾಲು ನೆಲಕ್ಕೆ ಬರುವ ಮೊದಲೇ ಬಲಗೈ ತಾನಾಗಿ ಚಾಚಿ, ಒದೆ ಬಿದ್ದ ಜಾಗವನ್ನು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು. ಮುಖಕ್ಕೆ ಕಾವಲಿರಬೇಕಾದ ಕೈ ಭಕ್ತಿಯಲ್ಲಿ ಮುಳುಗಿರುವಾಗ, ಎದುರಿನ ಹತ್ತು ವರ್ಷದ ಪೋರ ಆರಾಮವಾಗಿ ಅವಳ ಮೂಗಿಗೆ ಗುದ್ದಿ ಅಂಕ ತೆಗೆದುಕೊಂಡು ಹೋಗುತ್ತಿದ್ದ.

ಸಣ್ಣ ಬೆಲ್ಟುಗಳಲ್ಲಿ ಇದು ನಡೆದುಹೋಯಿತು. ಕಪ್ಪು ಬೆಲ್ಟಿಗೆ ನಡೆಯಲಿಲ್ಲ. ಅದರ ಪರೀಕ್ಷೆ ವರ್ಷಕ್ಕೊಂದೇ ಸಲ, ವಿಜಯವಾಡದಲ್ಲಿ. ಅಲ್ಲಿ ಎದುರಾಳಿಯ ಜೊತೆ ಮೂರು ಸುತ್ತು ಆಡಬೇಕು. ಗೆದ್ದವರು ಸೋತವರು ಎಂದೇನಿಲ್ಲ. ಇಬ್ಬರಿಗೂ ಬೇರೆ ಬೇರೆ ಅಂಕ. ಮೂರು ಒದೆತವಾದರೂ ಚೊಕ್ಕವಾಗಿ ಬೀಳಬೇಕು, ಒದ್ದಾಗ ಕೈ ಮುಖದ ಮುಂದೆಯೇ ಇರಬೇಕು. ಹೋದ ವರ್ಷ ಮಂಗಳಾಗೌರಿ ಐದು ಸಲ ಒದ್ದಳು, ಐದು ಸಲ ಕಣ್ಣಿಗೊತ್ತಿಕೊಂಡಳು. ಪರೀಕ್ಷಕರು ಅವಳ ಕಣ್ಣಿಗೆ ಏನೋ ಬಿದ್ದಿದೆ ಎಂದು ಆಟ ನಿಲ್ಲಿಸಿ, ಫಸ್ಟ್ ಏಡ್ ಹುಡುಗಿಯನ್ನು ಕರೆಸಿ ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿಸಿದರು. ಏನೂ ಬಿದ್ದಿಲ್ಲ ಎಂದು ಹೇಳುವುದಕ್ಕೆ ಅವಳಿಗೆ ಸಂಕೋಚವಾಯಿತು, ಹಾಕಿಸಿಕೊಂಡಳು. ಫೇಲಾದಳು.

ಈ ವರ್ಷದ್ದೇ ಕೊನೆಯ ಅವಕಾಶ. ಮೇ ತಿಂಗಳಿಗೆ ಬಾಲಚಂದ್ರ ನಿವೃತ್ತ, ಜೂನಿಗೆ ಸಂಸಾರ ತಿಪಟೂರಿಗೆ. ನಲವತ್ತೇಳು ವರ್ಷದ ಹೆಂಗಸು ಮತ್ತೆ ಯಾವ ತಾರಸಿ ಹುಡುಕಿಕೊಂಡು ಹೋಗಿ ಕಂದು ಬೆಲ್ಟಿನಿಂದ ಶುರುಮಾಡುತ್ತಾಳೆ? ಆಗದಿದ್ದರೆ ಆಗದೇ ಹೋಯಿತು ಎಂದು ಬಾಯಲ್ಲಿ ಹೇಳುತ್ತಿದ್ದಳು. ಆದರೆ ಒಬ್ಬಳೇ ಇದ್ದಾಗ ನಿಶ್ಚಿತಾಳ ಕಪ್ಪು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ ಕನ್ನಡಿ ನೋಡಿಕೊಂಡದ್ದುಂಟು. ಅವಳಿಗೆ ಆ ಬೆಲ್ಟು ಬೇಕಿತ್ತು. ಇಷ್ಟು ಬೇಕೆಂದು ಅವಳು ಬಾಳಿನಲ್ಲಿ ಯಾವುದನ್ನೂ ಕೇಳಿಕೊಂಡಿರಲಿಲ್ಲ.

ಮೊದಲು ಸಹಾಯಕ್ಕೆ ಬಂದವನು ಬಾಲಚಂದ್ರ. ಹೊಟ್ಟೆಗೆ ದಿಂಬು ಕಟ್ಟಿಕೊಂಡು ನಡುಮನೆಯಲ್ಲಿ ನೆಟ್ಟಗೆ ನಿಂತು, "ಒದಿ. ಇದು ಆರ್ಡರ್," ಎಂದ.

"ನಿಮ್ಗಾ? ಅಯ್ಯಪ್ಪಾ, ಆಗಲ್ಲ ಕಣ್ರೀ!"

"ಒದಿಯೇ ಅಂದ್ರೆ!"

ಒದ್ದಳು. ದಿಂಬಿನ ಹತ್ತಿ ಹಾರಿತು. ಬಾಲಚಂದ್ರ ಸೋಫಾಕ್ಕೆ ಬಿದ್ದ. ಬೇರೆಯವರಿಗಾದರೆ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಸಾಕು. ಇವನು ಕಟ್ಟಿಕೊಂಡ ಗಂಡ. ಮಂಗಳಾಗೌರಿ ಅಲ್ಲೇ ಬಗ್ಗಿ ಎರಡೂ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವನಿಗೂ ಅಭ್ಯಾಸಬಲ, "ದೀರ್ಘಸುಮಂಗಲೀ ಭವ," ಎಂದುಬಿಟ್ಟ. ಹೀಗೆ ಹನ್ನೊಂದು ಒದೆ, ಹನ್ನೊಂದು ಆಶೀರ್ವಾದ ನಡೆಯುವ ಹೊತ್ತಿಗೆ ಸಕ್ಕರೆ ಕೇಳಲು ಬಂದ ಎದುರುಮನೆಯ ಲಕ್ಷ್ಮೀ ಬಾಗಿಲಲ್ಲೇ ನಿಂತು ನೋಡಿ, ಸಕ್ಕರೆ ಕೇಳದೆ ವಾಪಸು ಹೋದಳು.

ಎರಡನೆಯ ಉಪಾಯ ಉಷಶ್ರೀಯದು. ಮಂಗಳಾಗೌರಿಯ ಎರಡು ಕೈಗೂ ಪಾಂಡಾದಿಂದ ತರಿಸಿದ ಎರಡು ಬಟ್ಟಲು ಬಿಸಿ ಮಂಚೋ ಸೂಪು ಕೊಟ್ಟು, "ಈಗ ಒದೀರಿ ಅಂಡಿ," ಎಂದಳು. ಒಳಗೆ ದೊಡ್ಡ ಹೋರಾಟ ನಡೆಯಿತು. ಬಲಗೈಗೆ ಅಜ್ಜಿ ಕರೆಯುತ್ತಿದ್ದಾಳೆ, ಬಲಗೈಯಲ್ಲೇ ಸೂಪಿದೆ. ಸೂಪು ಗೆದ್ದಿತು. ಒಂದು ಹನಿ ಚೆಲ್ಲದೆ ಇಪ್ಪತ್ತು ಒದೆ! ತಾರಸಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ಆದರೆ ಬಟ್ಟಲು ಕಸಿದುಕೊಂಡು ನಿಲ್ಲಿಸಿದ ಕೂಡಲೇ ಮತ್ತೆ ಅದೇ ಕೈ, ಅದೇ ಕಣ್ಣು. ಪರೀಕ್ಷೆಗೆ ಸೂಪು ಹಿಡಿದುಕೊಂಡು ಹೋಗಲಿಕ್ಕಾಗುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು ಎಂದು ಉಷಶ್ರೀ ಕೈಚೆಲ್ಲಿದಳು. ಸೂಪನ್ನು ಮಾತ್ರ ಮಂಗಳಾಗೌರಿ ಚೆಲ್ಲಲಿಲ್ಲ, ಎರಡು ಬಟ್ಟಲನ್ನೂ ಕುಡಿದಳು.

ಫೆಬ್ರವರಿಯ ಒಂದು ಶನಿವಾರ ಉಷಶ್ರೀ ತನ್ನ ಶಿಷ್ಯರನ್ನು ಕರೆದುಕೊಂಡು ರೈಲಿನಲ್ಲಿ ವಿಜಯವಾಡಕ್ಕೆ ಹೊರಟಳು. ಬಾಲಚಂದ್ರನಿಗೆ ಡ್ಯೂಟಿ, ಹಾಗಾಗಿ ಮಂಗಳಾಗೌರಿಯ ಜೊತೆಗೆ ನಿಶ್ಚಿತಾ. ಅವಳಿಗೀಗ ಹದಿನೇಳು, ಅವಳ ಕನ್ನಡಕ್ಕೆ ತೆಲುಗು ಕೂಡಿಕೊಂಡು ಬಹಳ ಕಾಲವಾಗಿತ್ತು. ದಾರಿಯುದ್ದಕ್ಕೂ, "ಅಮ್ಮಾ, ನೀನು ಅನವಸರವಾಗಿ, ಸುಮ್‌ಸುಮ್ನೆ ಟೆನ್ಷನ್ ತಗೋತೀಯ," ಎನ್ನುತ್ತ ಅಮ್ಮನ ಪುಳಿಯೋಗರೆಯನ್ನೆಲ್ಲ ಖಾಲಿ ಮಾಡಿದಳು. ರಾತ್ರಿ ಗವರ್ನರ್‌ಪೇಟೆಯ ಒಂದು ಲಾಡ್ಜಿನಲ್ಲಿ ಉಳಿದರು.

ಬೆಳಗ್ಗೆ ಮಂಗಳಾಗೌರಿ ಎಂದಿನಂತೆ ಮಂಚದಿಂದ ಕಾಲು ಕೆಳಗಿಡುವ ಮೊದಲು ಬಗ್ಗಿ ನೆಲ ಮುಟ್ಟಿದಳು. 'ತಾಯಿ ಭೂಮಿ, ನಿನ್ನ ಮೇಲೆ ಕಾಲಿಡ್ತೀನಿ, ತಪ್ಪು ತಿಳ್ಕೋಬೇಡ' ಎಂದು ಕೇಳಿಕೊಂಡು ಕೈಯನ್ನು ಕಣ್ಣಿಗೊತ್ತಿಕೊಂಡಳು. ಒತ್ತಿಕೊಂಡ ಕೈ ಹಾಗೆಯೇ ನಿಂತುಬಿಟ್ಟಿತು. ಅಲ್ಲ, ದಿನವೆಲ್ಲ ಭೂಮಿಯನ್ನು ತುಳಿಯುತ್ತೇನೆ. ಹೆಜ್ಜೆಹೆಜ್ಜೆಗೂ ಬಗ್ಗಿ ಒತ್ತಿಕೊಳ್ಳುತ್ತೇನೆಯೇ? ಇಲ್ಲವಲ್ಲ. ಬೆಳಗ್ಗೆ ಒಂದು ಸಲ ಮುಂಚಿತವಾಗಿ ಕೇಳಿಕೊಂಡರೆ ರಾತ್ರಿಯ ತನಕ ನಡೆಯುತ್ತದೆ. ಭೂಮ್ತಾಯಿ ಒಪ್ಪುವ ಏರ್ಪಾಡನ್ನು ಎದುರಾಳಿ ಒಪ್ಪುವುದಿಲ್ಲವೇ?

"ನಿಶ್ಚೀ! ಏಳೇ! ಸಿಕ್ತು ಕಣೇ!"

"ಏನು, ಚಪ್ಪಲಿನಾ?" ಎಂದು ನಿಶ್ಚಿತಾ ಮಗ್ಗುಲು ಬದಲಿಸಿದಳು.

ಪರೀಕ್ಷೆ ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಕಮಾನನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ಕೆಳಗೆ ಮದುಮಕ್ಕಳು ಕೂರುವ ಕೆಂಪು ಮಖಮಲ್ ಕುರ್ಚಿಗಳಲ್ಲಿ ಇಬ್ಬರು ಪರೀಕ್ಷಕರು ಮೀಸೆ ತಿರುವುತ್ತ ಕೂತಿದ್ದರು. ದೊಡ್ಡವರ ಸಾಲಿನಲ್ಲಿ ಹೆಂಗಸರು ಇಬ್ಬರೇ. ಮಂಗಳಾಗೌರಿ ಒಬ್ಬಳು, ಇನ್ನೊಬ್ಬಾಕೆ ಮಾಧವೀಲತಾ, ಐವತ್ತು ದಾಟಿದವರು, ಗವರ್ನರ್‌ಪೇಟೆಯಲ್ಲಿ ಬ್ಲೌಸ್ ಪೀಸಿನ ಹೋಲ್‌ಸೇಲ್ ಅಂಗಡಿ ನಡೆಸುವವರು. ಭಾರೀ ಆಳು, ಭಾರೀ ದನಿ. ಕಾಯುತ್ತ ಕೂತ ಅರ್ಧ ಗಂಟೆಯಲ್ಲಿ ಇಬ್ಬರಿಗೂ ನಂಟಸ್ತಿಕೆ ಕುದುರಿತು. ಮಾತೆಲ್ಲ ತೆಲುಗಿನಲ್ಲಿ, ಮಂಗಳಾಗೌರಿಯ ತೆಲುಗು ಐದು ವರ್ಷದಲ್ಲಿ ಜಗಳಕ್ಕೆ ಸಾಲದಿದ್ದರೂ ಊಟದ ವಿಷಯಕ್ಕೆ ಧಾರಾಳವಾಗಿತ್ತು.

"ನನಗಿದು ಮೂರನೇ ಸಲ, ವದಿನಾ," ಎಂದರು ಮಾಧವೀಲತಾ. ಅತ್ತಿಗೆ ಎಂದು ಕರೆದುಬಿಟ್ಟಿದ್ದರು ಆಗಲೇ. "ಮೊದಲ ಸಲ ಮಂಡಿ ಹಿಡ್ಕೊಂಡಿತು, ಎರಡನೇ ಸಲ ದಮ್ಮು. ಈ ಸಲ ಆಗದಿದ್ದರೆ ಇನ್ನು ಹೋಗಲ್ಲ ಅಂತ ಮನೆಯವರಿಗೆ ಮಾತು ಕೊಟ್ಟಿದ್ದೀನಿ. ಆದರೆ ನೋಡಿ, ನಮ್ಮ ಅಂಗಡಿ ಹಿಂದೆ ಒಂದು ಚೈನೀಸ್ ಬಂಡಿ ಇದೆ. ಇಪ್ಪತ್ತು ವರ್ಷದಿಂದ ಅದೇ ಬಂಡಿ. ಅವನ ವೆಜ್ ಮಂಚೂರಿಯಾದಂಥದ್ದು ಇಡೀ ವಿಜಯವಾಡದಲ್ಲಿ ಇನ್ನೊಂದಿಲ್ಲ. ಈ ಗುದ್ದಾಟ ಮುಗೀಲಿ, ನಿಮಗೆ ತಿನ್ನಿಸ್ತೀನಿ."

ಮಂಗಳಾಗೌರಿಗೆ ಬಾಯಲ್ಲಿ ನೀರು, ಕಣ್ಣಲ್ಲಿಯೂ ಸ್ವಲ್ಪ. ಇದೇ ಸಮಯ ಎಂದು ಅವರ ಭುಜ, ಪಕ್ಕೆ, ಹೊಟ್ಟೆ ಮೂರನ್ನೂ ಮೃದುವಾಗಿ ಮುಟ್ಟಿ ಮೂರು ಸಲ ಕಣ್ಣಿಗೊತ್ತಿಕೊಂಡಳು. "ವದಿನಾ, ಇವತ್ತು ನನ್ನ ಕಾಲು ನಿಮಗೆ ಎಲ್ಲೆಲ್ಲಿ ತಾಗುತ್ತೋ ಅದಕ್ಕೆಲ್ಲ ಈಗಲೇ ತಪ್ಪಾಯ್ತು ಅಂತ ಕೇಳ್ಕೋತೀನಿ. ಒಪ್ಪಿಸ್ಕೊಳ್ಳಿ."

ಮಾಧವೀಲತಾ ಇವಳನ್ನೇ ನೋಡಿದರು. "ನಮ್ಮ ಸ್ವಂತ ಸೊಸೆ ಇಷ್ಟು ಮರ್ಯಾದೆ ಕೊಟ್ಟವಳಲ್ಲ," ಎಂದು ಬೆಲ್ಟಿನ ತುದಿಯಿಂದ ಕಣ್ಣೊರೆಸಿಕೊಂಡರು. "ಒಪ್ಪಿಸ್ಕೊಂಡೆ, ಹೋಗಿ."

ಮೊದಲ ಸುತ್ತು. ಮಂಗಳಾಗೌರಿ ಒದ್ದಳು. ಕಾಲು ಮಾಧವೀಲತಾರ ಪಕ್ಕೆಗೆ ಚಟಾರನೆ ಬಿತ್ತು, ಕೈ ಮುಖದ ಮುಂದೆಯೇ ಇತ್ತು. ಅವಳಿಗೇ ನಂಬಿಕೆ ಬರಲಿಲ್ಲ, ಕೈಯನ್ನೊಮ್ಮೆ ಕಣ್ಣಗಲಿಸಿ ನೋಡಿಕೊಂಡಳು. ಪಕ್ಕದಲ್ಲಿ ಉಷಶ್ರೀ, "ಅದೀ! ಅದೀ!" ಎಂದು ಕುಣಿದಳು. ಇನ್ನೊಂದು ಒದೆ, ಅದೂ ಚೊಕ್ಕ. ಕಮಾನಿನ ಕೆಳಗಿನ ಪರೀಕ್ಷಕರು ಬರೆದುಕೊಂಡರು. ಇನ್ನೊಂದೇ ಬಾಕಿ.

ಎರಡನೆಯ ಸುತ್ತಿನಲ್ಲಿ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಮಾಧವೀಲತಾರ ಗುದ್ದುಗಳು ಬರುತ್ತಿದ್ದವು, ಆದರೆ ಒಂದು ಗೇಣು ಮೊದಲೇ ನಿಲ್ಲುತ್ತಿದ್ದವು, ಕಾವಲಿ ಕಾದಿದೆಯೇ ಎಂದು ಕೈ ಹಿಡಿದು ನೋಡುವವರ ಹಾಗೆ. ಒದೆಯಲು ಎತ್ತಿದ ಕಾಲನ್ನು ಹಾಗೆಯೇ ಕೆಳಗಿಡುತ್ತಿದ್ದರು. ರೆಫರಿ ಎರಡು ಸಲ ಎಚ್ಚರಿಸಿ, ಮೂರನೆಯ ಸುತ್ತಿನಲ್ಲೂ ಹೊಡೆಯದಿದ್ದರೆ ಸೊನ್ನೆ ಎಂದ.

ಸುತ್ತಿನ ನಡುವೆ ಮಂಗಳಾಗೌರಿ ಕೇಳಿದಳು. "ಯಾಕೆ ವದಿನಾ, ಮಂಡಿ ನೋವಾ?"

"ಮಂಡಿ ಅಲ್ಲ. ಕೈ ಬರ್ತಿಲ್ಲ. ಕಣ್ಣಿಗೊತ್ತಿಕೊಂಡವರನ್ನ ಹೇಗೆ ಹೊಡೀಲಿ ಹೇಳಿ?" ಎಂದರು ಮಾಧವೀಲತಾ. ಆ ಭಾರೀ ದನಿ ಅಳುವಿಗೆ ತಿರುಗಿತ್ತು.

ಮಂಗಳಾಗೌರಿ ತನ್ನ ದಾಕ್ಷಿಣ್ಯದ ರೋಗವನ್ನು ವಾಸಿಮಾಡಿಕೊಂಡೆ ಎಂದುಕೊಂಡಿದ್ದಳು. ವಾಸಿಯಾಗಿರಲಿಲ್ಲ, ಪಕ್ಕದವರಿಗೆ ಅಂಟಿತ್ತು. ಇನ್ನೊಂದು ಒದೆ ಒದ್ದರೆ ತನಗೆ ಬೆಲ್ಟು ಸಿಗುತ್ತದೆ. ಈ ಹೆಂಗಸು ಮೂರನೆಯ ಸಲವೂ ಫೇಲಾಗಿ, ಗಂಡನಿಗೆ ಕೊಟ್ಟ ಮಾತಿನಂತೆ ಬಟ್ಟೆ ಮಡಿಸಿಟ್ಟು ಅಂಗಡಿಗೆ ಹೋಗುತ್ತಾಳೆ. ಅಂಥ ಬೆಲ್ಟನ್ನು ಕಟ್ಟಿಕೊಂಡರೆ ನೂಡಲ್ಸ್ ಗಂಟಲಲ್ಲಿ ಇಳಿಯುತ್ತದೆಯೇ? ಇವರನ್ನು ರೇಗಿಸಬೇಕು. ಬೇರೆ ದಾರಿಯಿಲ್ಲ.

ಆದರೆ ರೇಗಿಸುವುದು ಹೇಗೆ? ನಲವತ್ತೇಳು ವರ್ಷದಲ್ಲಿ ಒಂದು ಬೈಗುಳವನ್ನೂ ಬಳಸದೆ ಇದ್ದುದಕ್ಕೆ, ಬೇಕಾದಾಗ ಒಂದೂ ಬಾಯಿಗೆ ಬರಲಿಲ್ಲ. ಮೂರನೆಯ ಸುತ್ತು ಶುರುವಾಯಿತು. ಸುತ್ತುತ್ತ ಸುತ್ತುತ್ತ ಅವಳು ಧೈರ್ಯ ಮಾಡಿ, "ನಿಮ್ಮ ಅಂಗಡಿ ಸಣ್ಣದು!" ಎಂದಳು.

"ಹೌದು ವದಿನಾ, ಪಕ್ಕದ್ದನ್ನೂ ತಗೋಬೇಕು ಅಂತಿದ್ದೀವಿ," ಎಂದರು ಮಾಧವೀಲತಾ, ಗಾಳಿಗೆ ಗುದ್ದುತ್ತ.

"ನೀವು... ನೀವು ದಪ್ಪ!"

"ಡಾಕ್ಟ್ರೂ ಅದೇ ಹೇಳಿದ್ದು."

"ಮಾತು ಬೇಡ!" ಎಂದು ರೆಫರಿ ಗುಡುಗಿದ. ಒಂದು ನಿಮಿಷವೂ ಉಳಿದಿರಲಿಲ್ಲ. ಮಂಗಳಾಗೌರಿ ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು, ತನ್ನ ಪ್ರಾಣಕ್ಕೇ ಕೊಡಲಿ ಹಾಕಿದಂಥ ಮಾತೊಂದನ್ನು ಆಡಿದಳು.

"ನಿಮ್ಮ ಆ ಬಂಡಿಯವನ ಮಂಚೂರಿಯಾ ಇದೆಯಲ್ಲ, ಅದು ಬರೀ ಮೈದಾ ಮುದ್ದೆ! ನಾಯಿಯೂ ಮೂಸಲ್ಲ!"

ಆಮೇಲೆ ಏನಾಯಿತು ಎಂದು ಅವಳಿಗೆ ಸ್ಪಷ್ಟವಾಗಿ ನೆನಪಿಲ್ಲ. ಮಾಧವೀಲತಾರ ಮುಖ ಕೆಂಪಾದದ್ದು ಕಂಡಿತು. ಹೊಟ್ಟೆಗೆ ಬ್ಲೌಸ್ ಪೀಸಿನ ಮೂಟೆ ಬಂದು ಬಡಿದ ಹಾಗಾಯಿತು. ಮಗ್ಗುಲಿಗೆ ಒಂದು ಒದೆ, ಭುಜಕ್ಕೆ ಒಂದು, ತೊಡೆಗೆ ಎರಡು. ಕಣ್ಣು ಬಿಟ್ಟಾಗ ಅವಳು ಹೂವಿನ ಕಮಾನಿನ ಬುಡದಲ್ಲಿ ಕೂತಿದ್ದಳು, ತಲೆಯ ಮೇಲೆ ನಿನ್ನೆಯ ಸೇವಂತಿಗೆ. ಪರೀಕ್ಷಕರಿಬ್ಬರೂ ಕುರ್ಚಿಯಿಂದೆದ್ದು ನಿಂತು ಭರಭರನೆ ಬರೆಯುತ್ತಿದ್ದರು.

"ಅಮ್ಮಾ, ಏಳು! ಹತ್ತು ಸೆಕೆಂಡು!" ನಿಶ್ಚಿತಾಳ ಕೂಗು.

ಮಂಗಳಾಗೌರಿ ಎದ್ದಳು. ಎದುರಿಗೆ ಉಗ್ರಚಂಡಿಯಂತೆ ಬರುತ್ತಿದ್ದ ಹೊಸ ಅತ್ತಿಗೆಯನ್ನು ನೋಡಿ ಅವಳಿಗೆ ಭಯವಾಯಿತು, ಪ್ರೀತಿಯೂ ಉಕ್ಕಿತು. ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಅವರ ಭುಜಕ್ಕೆ ಒದ್ದಳು. ಕಾಲು ತಾಗಿತು. ಬಲಗೈ ಒಂದಿಂಚು ಮುಂದೆ ಹೋಯಿತು, ತಡೆಯಿತು, ವಾಪಸು ಬಂದು ಮುಖದ ಮುಂದೆ ನಿಂತಿತು. ಗಂಟೆ ಹೊಡೆಯಿತು.

ಮಧ್ಯಾಹ್ನ ಹೆಸರು ಓದಿದರು. ಮಾತಾಡಿದ್ದಕ್ಕೆ ಮಂಗಳಾಗೌರಿಗೆ ಎರಡು ಅಂಕ ಕತ್ತರಿಸಿದ್ದರು, ಕತ್ತರಿಸಿದರೂ ಪಾಸು. ಮಾಧವೀಲತಾ ಪಾಸು, ಅದೂ 'ಅಸಾಧಾರಣ ರಭಸ' ಎಂಬ ಷರಾದೊಂದಿಗೆ. ಉಷಶ್ರೀ ಅಳುತ್ತಿದ್ದಳು, ನಿಶ್ಚಿತಾ ಅಪ್ಪನಿಗೆ ವಿಡಿಯೋ ಕಾಲು ಮಾಡಿದ್ದಳು, ಆ ಕಡೆ ಬಾಲಚಂದ್ರ ಯೂನಿಫಾರಮ್ಮಿನಲ್ಲಿ ನಿಂತು ಹೆಂಡತಿಗೆ ಸೆಲ್ಯೂಟು ಹೊಡೆಯುತ್ತಿದ್ದ. ಕಪ್ಪು ಬೆಲ್ಟು ಸೊಂಟಕ್ಕೆ ಬಿದ್ದಾಗ ಮಂಗಳಾಗೌರಿ ಅದರ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಆಗ ಮಾಧವೀಲತಾ ಬಂದರು. ಅಪ್ಪಿಕೊಳ್ಳಲಿಕ್ಕಲ್ಲ. ಇವಳ ಮೊಣಕೈ ಹಿಡಿದು, "ನಡೀರಿ," ಎಂದರು.

"ಅದು ನಾನು ಸುಮ್ಮನೆ, ನಿಮಗೆ ರೇಗಲಿ ಅಂತ..."

"ಗೊತ್ತು. ಅದು ಬೇರೆ, ಇದು ಬೇರೆ. ನಡೀರಿ. ನೀವು ತಿಂದು, ನಿಮ್ಮ ಬಾಯಿಂದ ಹೇಳ್ಬೇಕು."

ಆಟೋ ಒಂದರಲ್ಲಿ ನಾಲ್ಕು ಜನ ತುರುಕಿಕೊಂಡು ಗವರ್ನರ್‌ಪೇಟೆಗೆ ಹೋದರು. ಬಟ್ಟೆಯ ಮೂಟೆಗಳ, ಕೈಗಾಡಿಗಳ, ಹಾರನ್ನುಗಳ ನಡುವೆ ಆ ಬಂಡಿ ನಿಂತಿತ್ತು. ಕಪ್ಪು ಬೆಲ್ಟಿನ ಇಬ್ಬರು ಹೆಂಗಸರು ಬರುವುದನ್ನು ಕಂಡು ಬಂಡಿಯವನು ಕೇಳುವ ಮೊದಲೇ ಬಾಣಲೆ ಕಾಯಿಸಿದ. ಕೆಂಪಗೆ ಹೊಳೆಯುವ ಉಂಡೆಗಳ ಪ್ಲೇಟು ಬಂತು. ಮಾಧವೀಲತಾ ಸೊಂಟದ ಮೇಲೆ ಕೈಯಿಟ್ಟು ನಿಂತರು. ಅಮ್ಮ ಈಗ 'ಅದ್ಭುತ' ಎನ್ನುತ್ತಾಳೆ, ಮೂರು ಪ್ಲೇಟು ತಿನ್ನುತ್ತಾಳೆ ಎಂದು ನಿಶ್ಚಿತಾಗೆ ಸಂದೇಹವೇ ಇರಲಿಲ್ಲ.

ಮಂಗಳಾಗೌರಿ ಒಂದು ಉಂಡೆಯನ್ನು ಬಾಯಿಗಿಟ್ಟಳು. ಅಗಿದಳು. ಅಗಿಯುತ್ತಲೇ ಇದ್ದಳು. ಕೋಸು ಹುಡುಕಿದಳು, ಕ್ಯಾರೆಟ್ಟು ಹುಡುಕಿದಳು. ಸಿಟ್ಟು ಬರಿಸಲು ಆಡಿದ ಸುಳ್ಳು ಅಕ್ಷರಶಃ ನಿಜವಾಗಿತ್ತು. ಎದುರಿಗೆ ಮಾಧವೀಲತಾರ ಮುಖ, ಆಸೆ ತುಂಬಿದ ಮುಖ. ತನ್ನ ಕಾಲಿನ ಗುರುತು ಅವರ ತೋಳಿನ ಮೇಲೆ ಇನ್ನೂ ಕೆಂಪಗಿತ್ತು. ಉಪ್ಪಿನ ಹುಳಿ ತಿಂದ ನಾಲಿಗೆ 'ತುಂಬ ಚೆನ್ನಾಗಿದೆ' ಎಂದು ಹೇಳಲು ಆಗಲೇ ಸಜ್ಜಾಗಿತ್ತು. ಮಂಗಳಾಗೌರಿ ಅದನ್ನು ತಡೆದಳು. ಅದು ಮೂರನೆಯ ಒದೆತಕ್ಕಿಂತ ಕಷ್ಟವಾಯಿತು.

"ಮೈದಾ ಜಾಸ್ತಿ ಆಯ್ತು, ವದಿನಾ," ಎಂದಳು.

ಮಾಧವೀಲತಾ ಪ್ಲೇಟಿನಿಂದ ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ನಿಧಾನವಾಗಿ, ಮೊದಲನೆಯ ಸಲ ತಿನ್ನುವವರಂತೆ ಅಗಿದರು.

"ಇಪ್ಪತ್ತು ವರ್ಷ," ಎಂದರು ಕೊನೆಗೆ. "ಇಪ್ಪತ್ತು ವರ್ಷದಿಂದ ಊರಿಗೆಲ್ಲ ಇದನ್ನ ತಿನ್ನಿಸಿದ್ದೀನಿ. ಒಬ್ಬ ನರಪಿಳ್ಳೆ ಹೇಳ್ಲಿಲ್ಲ ನೋಡಿ ವದಿನಾ, ಒಬ್ಬ!" ಬೆಲ್ಟನ್ನು ಬಿಗಿಮಾಡಿಕೊಂಡು ಬಂಡಿಯ ಕಡೆ ತಿರುಗಿದರು. "ಏನಯ್ಯಾ, ಕೋಸು ಎಲ್ಲಿ?"

ಬಂಡಿಯವನು ಜಾಲರಿ ಸೌಟನ್ನು ಎದೆಗೆ ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ. ಪಾಪ ಅನ್ನಿಸಿತು ಮಂಗಳಾಗೌರಿಗೆ. 'ಹೋಗ್ಲಿ ಬಿಡಿ, ಪರವಾಗಿಲ್ಲ' ಎಂಬ ಮಾತು ಹಲ್ಲಿನ ತನಕ ಬಂತು. ಅವಳು ಇನ್ನೊಂದು ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಅದರ ಜೊತೆ ಆ ಮಾತನ್ನೂ ನುಂಗಿದಳು.